ಬಣ್ಣ ಬಾರದ ನೀರು ಮತ್ತು ಕಡತದ ಅಂಚಿನಲ್ಲಿ ‘ಚರ್ಚಿಸಿ’

ನಾನು ನಗರಸಭೆಯ ನೀರಿನ ಪ್ರಯೋಗಾಲಯದಲ್ಲಿದ್ದಾಗ, ಒಂದು ಬೆಳಿಗ್ಗೆ ವಲಯವೊಂದರ ಕೊಳವೆ ಮಾರ್ಗದ ತುದಿಯ ಮೂರು ನಲ್ಲಿಗಳಲ್ಲಿ ಹಿಡಿದ ನೀರಿಗೆ ಡಿಪಿಡಿ ಪುಡಿ ಹಾಕಿ ಕುಲುಕಿದರೂ ಬಣ್ಣ ಬರಲಿಲ್ಲ. ನೀರಿನಲ್ಲಿ ಕ್ಲೋರಿನ್ ಉಳಿದಿದ್ದರೆ ಆ ಪುಡಿ ಬಿದ್ದ ಕೂಡಲೇ ಗುಲಾಬಿ ಬಣ್ಣ ಏರುತ್ತದೆ. ನಲ್ಲಿಯ ಬಾಯಲ್ಲಿ ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ ಆದರೂ ಇರಬೇಕೆಂಬುದು ನಾವು ಪಾಲಿಸುತ್ತಿದ್ದ ಅಳತೆ. ಪುಡಿ ಹಳೆಯದಿರಬಹುದೆಂದು ಹೊಸ ಪೊಟ್ಟಣ ಒಡೆದು ನೋಡಿದೆ. ಗಾಜಿನ ನಳಿಗೆ ಆಗಲೂ ತಿಳಿಯಾಗಿಯೇ ಇತ್ತು.

ಹೊಸ ನೀರು ಸರಬರಾಜು ಯೋಜನೆಯ ಉದ್ಘಾಟನೆಗೆ ಉಳಿದಿದ್ದು ನಾಲ್ಕೇ ದಿನ. ಫೋನಿನಲ್ಲಿ ವಿಷಯ ತಿಳಿಸಿದಾಗ ಮೇಲಿನಿಂದ ಬಂದ ಸೂಚನೆ ಚಿಕ್ಕದಾಗಿತ್ತು: ಕಾರ್ಯಕ್ರಮ ಮುಗಿಯುವವರೆಗೆ ವರದಿ ನಿಮ್ಮ ಬಳಿಯೇ ಇರಲಿ, ರಿಜಿಸ್ಟರಿನಲ್ಲಿ 0.2 ಎಂದು ಬರೆದುಬಿಡಿ. ನಾನು ಒಪ್ಪಲಿಲ್ಲ. ಅದರಲ್ಲಿ ಧೈರ್ಯಕ್ಕಿಂತ ಭಯವೇ ಹೆಚ್ಚಾಗಿತ್ತು. ಕೆನಡಾದ ಒಂಟಾರಿಯೊ ಪ್ರಾಂತ್ಯದ ವಾಕರ್ಟನ್ ಎಂಬ ಪುಟ್ಟ ಪಟ್ಟಣದಲ್ಲಿ 2000ನೇ ಇಸವಿಯ ಮೇ ತಿಂಗಳಲ್ಲಿ ಕಲುಷಿತ ನೀರು ಕುಡಿದು 7 ಜನ ಸತ್ತು, 2,000ಕ್ಕೂ ಹೆಚ್ಚು ಜನ ಕಾಯಿಲೆ ಬಿದ್ದಾಗ, ನಿರ್ವಾಹಕರು ವರ್ಷಗಟ್ಟಲೆ ದಿನಚರಿ ಹಾಳೆಗಳಲ್ಲಿ ಕ್ಲೋರಿನ್‌ನ ಸುಳ್ಳು ಅಂಕಿಗಳನ್ನು ತುಂಬಿದ್ದರೆಂಬುದು ವಿಚಾರಣೆಯಲ್ಲಿ ಬಯಲಾಯಿತು. ನೀರಿನ ಕೆಲಸಕ್ಕೆ ಸೇರಿದವರಿಗೆ ತರಬೇತಿಯಲ್ಲೇ ಹೇಳುವ ಪ್ರಕರಣವದು. ಅಂಥ ಹಾಳೆಯೊಂದರ ಕೆಳಗೆ ನನ್ನ ಸಹಿ ಇರುವುದನ್ನು ಊಹಿಸಿಕೊಳ್ಳಲು ನನ್ನಿಂದಾಗಲಿಲ್ಲ.

ಅಲ್ಲಿಯವರೆಗೆ ನಾನು ಸರಿಯಿದ್ದೆ. ತಪ್ಪಿದ್ದು ಮಧ್ಯಾಹ್ನದ ಪ್ರಗತಿ ಪರಿಶೀಲನಾ ಸಭೆಯಲ್ಲಿ. ಎಲ್ಲ ವಿಭಾಗಗಳ ಮುಖ್ಯಸ್ಥರೂ ಕೆಲವು ಸದಸ್ಯರೂ ಕುಳಿತಿರುವಾಗಲೇ ಎದ್ದು ನಿಂತು, ‘ನಾಳೆ ಜನ ಸತ್ತರೆ ಈ ಮೇಜಿನ ಆ ತುದಿಯಲ್ಲಿ ಕುಳಿತವರೇ ಹೊಣೆ’ ಎಂದುಬಿಟ್ಟೆ. ಅಧ್ಯಕ್ಷರು ಸಮಾಧಾನದಿಂದಲೇ ಕೇಳಿದರು: ‘ನೀರು ಕೆಟ್ಟಿದೆಯೋ, ಇಲ್ಲವೋ? ಅದನ್ನು ಹೇಳಿ.’ ನನ್ನಲ್ಲಿ ಉತ್ತರವಿರಲಿಲ್ಲ. ಕ್ಲೋರಿನ್ ಇಲ್ಲವೆಂದರೆ ನೀರಿಗೆ ರಕ್ಷಣೆಯಿಲ್ಲವೆಂದು ಅರ್ಥವೇ ಹೊರತು, ಅದರಲ್ಲಿ ರೋಗಾಣು ಇದೆಯೆಂದಲ್ಲ. ಅದನ್ನು ತಿಳಿಯಲು ಬೇರೆ ಬಾಟಲಿಗಳಲ್ಲಿ ಮಾದರಿ ತಂದು ಶಾಖಪೆಟ್ಟಿಗೆಯಲ್ಲಿ ಒಂದು ದಿನವಾದರೂ ಇಡಬೇಕು, ಮತ್ತು ಸಿಟ್ಟಿನ ಭರದಲ್ಲಿ ನಾನು ಆ ಮಾದರಿಗಳನ್ನೇ ತೆಗೆದಿರಲಿಲ್ಲ. ಸಂಜೆಯೊಳಗೆ ಕಾರಣ ಕೇಳಿ ನೋಟಿಸ್ ಕೈ ಸೇರಿತು. ಅದರಲ್ಲಿ ನೀರಿನ ಬಗ್ಗೆ ಒಂದಕ್ಷರವೂ ಇರಲಿಲ್ಲ. ಇದ್ದದ್ದೆಲ್ಲ ಸಭಾ ಮರ್ಯಾದೆಯ ಬಗ್ಗೆ. ಕ್ಲೋರಿನ್‌ನ ಪ್ರಶ್ನೆಯನ್ನು ನನ್ನ ನಾಲಿಗೆಯ ಪ್ರಶ್ನೆಯಾಗಿ ಮಾಡಿಕೊಟ್ಟವನು ನಾನೇ.

ನಿವೃತ್ತಿಯ ಅಂಚಿನಲ್ಲಿದ್ದ ಕಚೇರಿ ಅಧೀಕ್ಷಕರೊಬ್ಬರು ನೋಟಿಸನ್ನು ಓದಿ ಮಡಿಸಿಟ್ಟು, ‘ಇದಕ್ಕೆ ಉತ್ತರ ಕೊಡಲು ಏಳು ದಿನವಿದೆ, ನೀರಿಗೆ ಇಲ್ಲ, ಮೊದಲು ಕಡತ ಮಂಡಿಸಿ’ ಎಂದರು. ಮೊದಲು ಹೋಗಿ ಮಾದರಿಗಳನ್ನು ತಂದು ಪರೀಕ್ಷೆಗಿಟ್ಟೆ, ಆಮೇಲೆ ಟಿಪ್ಪಣಿ ಬರೆಯಲು ಕುಳಿತೆ. ಯಾವ ನಲ್ಲಿ, ಎಷ್ಟು ಗಂಟೆ, ಅಳತೆ ಎಷ್ಟು ಬಂತು, ಆ ಅಳತೆಯಿಂದ ಏನು ತಿಳಿಯುತ್ತದೆ, ಏನು ತಿಳಿಯುವುದಿಲ್ಲ ಎಂಬುದನ್ನು ಒಂದೇ ಪುಟದಲ್ಲಿ ಬರೆದು, ಕೆಳಗೆ ಮೂರು ದಾರಿಗಳನ್ನು ಸೂಚಿಸಿದೆ: ಒಂದು, ವಲಯಕ್ಕೆ ನೀರು ನಿಲ್ಲಿಸಿ ಟ್ಯಾಂಕರ್ ಕಳುಹಿಸುವುದು; ಎರಡು, ನೀರು ಬಿಟ್ಟು, ಕುದಿಸಿ ಕುಡಿಯುವಂತೆ ಮನೆಮನೆಗೆ ತಿಳಿಸಿ, ಮೇಲ್ತೊಟ್ಟಿಯಲ್ಲಿ ಕ್ಲೋರಿನ್ ಹೆಚ್ಚಿಸುವುದು; ಮೂರು, ಏನೂ ಮಾಡದೆ ಫಲಿತಾಂಶಕ್ಕೆ ಕಾಯುವುದು. ಒಂದೊಂದರ ಮುಂದೆಯೂ ಅದರ ಅಪಾಯವನ್ನು ಬರೆದೆ, ಮೂರನೆಯದರ ಮುಂದೆ ತುಸು ವಿವರವಾಗಿಯೇ. ‘ಆದೇಶಕ್ಕಾಗಿ ಸಲ್ಲಿಸಿದೆ’ ಎಂದು ಮುಗಿಸಿ, ಆವಕ ವಿಭಾಗದಲ್ಲಿ ಸಂಖ್ಯೆ ಹಾಕಿಸಿ, ಕಡತವನ್ನು ಆಯುಕ್ತರಿಗೆ ಕಳುಹಿಸಿದೆ.

ಕಡತ ಒಂದು ಗಂಟೆಯಲ್ಲಿ ಮರಳಿತು. ಅಂಚಿನಲ್ಲಿ ಇದ್ದದ್ದು ಒಂದೇ ಪದ: ‘ಚರ್ಚಿಸಿ’. ಕಚೇರಿಯಲ್ಲಿ ಪಳಗಿದವರಿಗೆ ಆ ಪದದ ಮಹಿಮೆ ಗೊತ್ತು. ಚರ್ಚೆ ಬಾಯಲ್ಲಿ ನಡೆಯುತ್ತದೆ, ಕಡತ ಮೇಜಿನ ಮೇಲೆ ಮಲಗುತ್ತದೆ. ನಾನು ಹೋಗಿ ಚರ್ಚಿಸಿದೆ. ಆಯುಕ್ತರು ಕೂಗಾಡಲಿಲ್ಲ, ವಲಯದಲ್ಲಿ ಗಾಬರಿ ಹಬ್ಬಿ, ಮಾರನೆಯ ದಿನ ಫಲಿತಾಂಶ ಸರಿಯಿದೆಯೆಂದು ಬಂದರೆ, ಮುಂದೆ ನಿಜವಾದ ಎಚ್ಚರಿಕೆಯನ್ನೂ ಯಾರೂ ನಂಬುವುದಿಲ್ಲವೆಂಬ ಅವರ ಆತಂಕ ನನಗೆ ಆ ಹೊತ್ತಿಗೆ ಅರ್ಥವಾಗತೊಡಗಿತ್ತು. ಹೊರಬಂದವನು ಅದೇ ಪುಟದ ಕೆಳಗೆ, ‘ಮಾನ್ಯರು ಸೂಚಿಸಿದಂತೆ ಚರ್ಚಿಸಲಾಗಿದೆ, ಫಲಿತಾಂಶ ಬರುವವರೆಗೆ ಕಾಯಬಹುದೆಂಬ ಅಭಿಪ್ರಾಯ ವ್ಯಕ್ತವಾಗಿರುತ್ತದೆ, ಲಿಖಿತ ಆದೇಶ ಕೋರಿದೆ’ ಎಂದು ಸಮಯ ಸಹಿತ ಬರೆದು ಮತ್ತೆ ಮಂಡಿಸಿದೆ. ಸಭೆಯಲ್ಲಿ ನಾನು ಕೂಗಿ ಹೇಳಿದ್ದಕ್ಕಿಂತ ಇದರಲ್ಲಿ ಹೊಸದೇನೂ ಇರಲಿಲ್ಲ. ಈ ಸಲ ಕಡತ ಹಿಂತಿರುಗಿದಾಗ ಎರಡನೆಯ ದಾರಿಯ ಪಕ್ಕದಲ್ಲಿ ಸಹಿ ಇತ್ತು.

ಮರುದಿನ ಮೂರರಲ್ಲಿ ಎರಡು ಬಾಟಲಿಗಳಲ್ಲಿ ಕೋಲಿಫಾರ್ಮ್, ಅಂದರೆ ನೀರಿಗೆ ಕೊಳೆ ಸೇರಿರಬಹುದೆಂದು ಸೂಚಿಸುವ ಬ್ಯಾಕ್ಟೀರಿಯಾ, ಕಾಣಿಸಿತು. ಕವಾಟದ ಗುಂಡಿಯೊಂದರಲ್ಲಿ ಚರಂಡಿ ನೀರು ತುಂಬಿ, ಅದರೊಳಗಿನ ಜೋಡಣೆ ಸಡಿಲಗೊಂಡಿತ್ತು. ಸರಬರಾಜು ನಿಲ್ಲಿಸಿದ ಹೊತ್ತಿನಲ್ಲಿ ಕೊಳವೆಯ ಒತ್ತಡ ಇಳಿದು ಹೊರಗಿನ ನೀರು ಒಳಸೇರುತ್ತಿತ್ತು, ಇದ್ದಷ್ಟು ಕ್ಲೋರಿನ್ ಆ ಕೊಳೆಯಲ್ಲೇ ಮುಗಿದುಹೋಗುತ್ತಿತ್ತು. ಎರಡು ದಿನದಲ್ಲಿ ದುರಸ್ತಿ ಮುಗಿಯಿತು. ಉದ್ಘಾಟನೆಯೂ ಹೇಳಿದ ದಿನವೇ ನಡೆಯಿತು.

ನೋಟಿಸಿಗೆ ಉತ್ತರವಾಗಿ, ಸಭೆಯಲ್ಲಿ ಬಳಸಿದ ಭಾಷೆಗೆ ವಿಷಾದ ವ್ಯಕ್ತಪಡಿಸಿದೆ, ಅಳತೆಗಲ್ಲ. ಎಚ್ಚರಿಕೆ ನೀಡಿ ಪ್ರಕರಣ ಮುಕ್ತಾಯಗೊಳಿಸಿದರು. ಮುಂದಿನ ತಿಂಗಳು ನನ್ನನ್ನು ಕಂದಾಯ ವಿಭಾಗಕ್ಕೆ ನಿಯೋಜಿಸಿದರು. ಎರಡಕ್ಕೂ ಸಂಬಂಧವಿಲ್ಲವೆಂದು ಎಲ್ಲರೂ ಹೇಳಿದರು, ನಾನೂ ಕೇಳಿಸಿಕೊಂಡೆ. ಕೆಲವು ತಿಂಗಳ ನಂತರ ಪ್ರಯೋಗಾಲಯದ ಹೊಸ ಹುಡುಗ ಬಣ್ಣ ಬಾರದ ನಳಿಗೆಯನ್ನು ಕೈಯಲ್ಲೇ ಹಿಡಿದುಕೊಂಡು ನನ್ನ ಮೇಜಿನ ಬಳಿ ಬಂದು, ಯಾರಿಗೆ ಫೋನ್ ಮಾಡಲಿ ಎಂದು ಕೇಳಿದ. ಬಾಟಲಿಗಳಲ್ಲಿ ಮಾದರಿ ತೆಗೆದಿದ್ದೀಯಾ ಎಂದು ಕೇಳಿ, ಒಂದು ಟಿಪ್ಪಣಿ ಹಾಳೆಯನ್ನು ಅವನ ಕಡೆಗೆ ಸರಿಸಿದೆ.