ಟಿಪಿಎಸ್3823 ಜೊತೆ ಗುದ್ದಾಟ: ಲಾಗ್ ಹೆಚ್ಚಿಸಿದಷ್ಟೂ ಬೇಗ ರೀಸೆಟ್

ಬೋರ್ಡ್ ಕೊನೆಗೂ ಲಾಗಿನ್‌ವರೆಗೆ ಬಂತು. ಚಿಪ್ ಟಿಪಿಎಸ್3823-33, ಅಂದರೆ ವಾಚ್‌ಡಾಗ್: ನಿಗದಿತ ಹೊತ್ತಿನೊಳಗೆ ಮಿಡಿತ ಬರದಿದ್ದರೆ ಬೋರ್ಡನ್ನು ರೀಸೆಟ್ ಮಾಡುವ ಕಾವಲು ಚಿಪ್. ಲಿನಕ್ಸ್ ಕರ್ನಲ್‌ನಲ್ಲಿ ಜಿಪಿಐಒ (ಸಾಮಾನ್ಯ ಬಳಕೆಯ ಪಿನ್) ವಾಚ್‌ಡಾಗ್ ಡ್ರೈವರ್, ಟಾಗಲ್ ವಿಧಾನ (ಪಿನ್ನನ್ನು ಮೇಲೆ-ಕೆಳಗೆ ಮಾಡಿ ಮಿಡಿತ ಕೊಡುವುದು). ಬೆಸುಗೆ, ಡಿವೈಸ್ ಟ್ರೀ (ಹಾರ್ಡ್‌ವೇರ್ ವಿವರದ ಕಡತ) ನೋಡ್ ಎಲ್ಲ ಮಾಮೂಲು, ಬಿಟ್ಟುಬಿಡೋಣ. ತಲೆ ತಿಂದದ್ದು ಪವರ್ ಬಂದಲ್ಲಿಂದ ಡ್ರೈವರ್ ಏಳುವವರೆಗಿನ ನಾಲ್ಕಾರು ಸೆಕೆಂಡು.

ಮಿಡಿತ ಪಡೆಯುವ ಡಬ್ಲ್ಯೂಡಿಐ ಪಿನ್ ತೇಲುತ್ತಿದ್ದರೆ (ಯಾವುದೂ ಅದನ್ನು ಎಳೆಯದಿದ್ದರೆ) ಈ ಚಿಪ್‌ನ ಟೈಮರ್ ಮಲಗಿರುತ್ತದೆ. ಡ್ರೈವರ್ ಪಿನ್ನನ್ನು ಔಟ್‌ಪುಟ್ ಮಾಡುವವರೆಗೆ ಚಿಂತೆಯಿಲ್ಲ ಅನ್ನುವುದು ಲೆಕ್ಕ. ಆದರೆ ಪ್ರೊಸೆಸರ್ ಒಳಗಿನ ಪುಲ್‌ಅಪ್ (ಪಿನ್ನನ್ನು ಮೇಲಕ್ಕೆಳೆಯುವ ರೋಧಕ) ಪವರ್ ಬಂದ ಕ್ಷಣದಿಂದಲೇ ಆನ್. ಹತ್ತಾರು ಕಿಲೋಓಮ್ ಇದ್ದರೂ ಸಾಕು, ಪಿನ್ ತೇಲುವುದಿಲ್ಲ. ಸುಳಿವು ಸಿಕ್ಕಿದ್ದು ಬೇರೆ ಕಡೆ: ಡೀಮನ್ (ಮಿಡಿತ ಕೊಡುವ ಹಿನ್ನೆಲೆ ಪ್ರೋಗ್ರಾಂ) 'ಇನ್ನು ಕಾವಲು ಸಾಕು' ಎನ್ನುವ 'ವಿ' ಅಕ್ಷರ ಬರೆದು ಸರಿಯಾಗಿಯೇ ಮುಚ್ಚಿದರೂ ರೀಸೆಟ್. ಡ್ರೈವರ್ ಪಿನ್ನನ್ನು ಇನ್‌ಪುಟ್ ಮಾಡಿ ಕೈಬಿಟ್ಟಿತ್ತು, ಪುಲ್‌ಅಪ್ ಬಿಟ್ಟಿರಲಿಲ್ಲ.

ಪುಲ್ ತೆಗೆದರೆ ಬೂಟ್ ಹೊತ್ತಿಗೆ ಕಾವಲೇ ಇರುವುದಿಲ್ಲ. ಹಾಗಾಗಿ ಕರ್ನಲ್‌ಗೂ ಮೊದಲು ಓಡುವ ಬೂಟ್‌ಲೋಡರ್ ಯು-ಬೂಟ್‌ನಲ್ಲೂ ಜಿಪಿಐಒ ವಾಚ್‌ಡಾಗ್ ಹಾಕಿ, ನೋಡ್‌ಗೆ 'ಆಲ್ವೇಸ್-ರನ್ನಿಂಗ್' (ಕಾವಲು ಸದಾ ಓಡುತ್ತಿರುತ್ತದೆ ಎನ್ನುವ ಗುರುತು) ಸೇರಿಸಿದ್ದಾಯಿತು. ಉಳಿದದ್ದು ಯು-ಬೂಟ್ ಕೈಬಿಟ್ಟ ಮೇಲೆ ಡ್ರೈವರ್ ಹಿಡಿಯುವ ನಡುವಿನ ಕಂದಕ.

ಎಲ್ಲಿ ಸಾಯುತ್ತಿದೆ ನೋಡೋಣ ಎಂದು ಅರ್ಲಿಕಾನ್ (ಕರ್ನಲ್ ಲಾಗನ್ನು ಆರಂಭದಿಂದಲೇ ಸೀರಿಯಲ್‌ಗೆ ಕಳಿಸುವ ಆಯ್ಕೆ) ಹಾಕಿದರೆ ಇನ್ನೂ ಬೇಗ ಸತ್ತಿತು! 115200 ಬಾಡ್ ಎಂದರೆ ಸೆಕೆಂಡಿಗೆ 11520 ಅಕ್ಷರ. 16 ಕಿಲೋಬೈಟ್ ಲಾಗ್ ಉಗುಳಲಿಕ್ಕೇ 1.4 ಸೆಕೆಂಡು ಬೇಕು. ಅರ್ಲಿಕಾನ್ ಇಲ್ಲದಿದ್ದರೂ ತಪ್ಪಿದ್ದಲ್ಲ, ಕನ್ಸೋಲ್ ನೋಂದಣಿಯಾದಾಗ ಹಳೇ ಬಾಕಿಯೆಲ್ಲ ಒಟ್ಟಿಗೆ ಹೊರಬರುತ್ತದೆ. ಲಾಗ್ ಕಡಿಮೆ ಮಾಡುವ 'ಕ್ವೈಟ್' ಕೊಟ್ಟ ತಕ್ಷಣ ಬೂಟ್ ಆಯಿತು. ಅದನ್ನೇ ನಂಬಿ ಕೂರಬಾರದು: ಡ್ರೈವರನ್ನು ಮಾಡ್ಯೂಲ್ ಮಾಡದೆ ಕರ್ನಲ್‌ಗೇ ಸೇರಿಸಿ, ಡ್ರೈವರನ್ನು ಬೇಗ ಎಬ್ಬಿಸುವ ಆರ್ಚ್ ಇನಿಟ್‌ಕಾಲ್ ಆಯ್ಕೆಯನ್ನೂ ಆನ್ ಮಾಡಿ. ಪಿನ್ ಐ2ಸಿ ಎಕ್ಸ್‌ಪ್ಯಾಂಡರ್ (ಹೆಚ್ಚುವರಿ ಪಿನ್ ಕೊಡುವ ಬೇರೆ ಚಿಪ್) ಮೇಲಿದ್ದರೆ ಮಾತ್ರ ಇದರಿಂದ ಲಾಭವಿಲ್ಲ, ಎಕ್ಸ್‌ಪ್ಯಾಂಡರ್ ಏಳುವುದೇ ತಡ.

ಇಷ್ಟಾದ ಮೇಲೂ ಆಗೊಮ್ಮೆ ಈಗೊಮ್ಮೆ ರೀಸೆಟ್. ಡೇಟಾಶೀಟ್‌ನ 1.6 ಸೆಕೆಂಡ್ ಬರೀ ಮಾದರಿ ಅಂಕಿ, ಕನಿಷ್ಠ 0.9, ಗರಿಷ್ಠ 2.5. ವಾಚ್‌ಡಾಗ್ ಕೋರ್ (ಕರ್ನಲ್‌ನ ಸಾಮಾನ್ಯ ವಾಚ್‌ಡಾಗ್ ಭಾಗ) ಪಿಂಗ್ ಮಾಡುವುದು, ಅಂದರೆ ಮಿಡಿತ ಕೊಡುವುದು, ಹಾರ್ಡ್‌ವೇರ್ ಮಾರ್ಜಿನ್‌ನ (ಚಿಪ್ ಎಷ್ಟು ಹೊತ್ತು ಕಾಯುತ್ತದೆಂದು ನೋಡ್‌ನಲ್ಲಿ ಬರೆದ ಅಂಕಿ) ಅರ್ಧಕ್ಕೊಮ್ಮೆ. ಮಾರ್ಜಿನ್ 1600 ಇದ್ದಾಗ 800 ಮಿಲಿಸೆಕೆಂಡಿಗೊಂದು ಪಿಂಗ್, ಕನಿಷ್ಠದ 900ರಲ್ಲಿ ಕೈಯಲ್ಲಿ ಉಳಿಯುವುದು ಬರೀ 100. ಈಗ ಮಾರ್ಜಿನ್ 800 ಇಟ್ಟಿದ್ದೇವೆ. ಡೀಮನ್‌ನ 60 ಸೆಕೆಂಡ್ ಟೈಮೌಟ್ ಬೇರೆ ಲೆಕ್ಕ, ನಡುವೆ ಕೋರ್ ಸಂಭಾಳಿಸುತ್ತದೆ. ಡೀಮನ್ ಏಳದೇ ಹೋದರೆ ಕೋರ್ ಕೊನೆಯಿಲ್ಲದೆ ಪಿಂಗ್ ಮಾಡುತ್ತಲೇ ಇರುತ್ತದೆ, ಅದಕ್ಕೆ ಓಪನ್ ಟೈಮೌಟ್ (ಡೀಮನ್‌ಗಾಗಿ ಕಾಯುವ ಮಿತಿ) 120 ಸೆಕೆಂಡು ಕೊಡಿ.

ಬಿಡಿಭಾಗದವರ ಪುಣ್ಯ: -33 ಕೇಳಿದರೆ ಪೊಟ್ಟಣದಲ್ಲಿ ಎರಡು -50. ಅದರ ಮಿತಿ (ವೋಲ್ಟೇಜ್ ಇದಕ್ಕಿಂತ ಕೆಳಗಿದ್ದರೆ ರೀಸೆಟ್) 4.55 ವೋಲ್ಟ್, 3.3 ವೋಲ್ಟ್ ಬೋರ್ಡಿನಲ್ಲಿ ರೀಸೆಟ್ ಬಿಡುವುದೇ ಇಲ್ಲ. ಬೆಸೆಯುವ ಮೊದಲು ಗುರುತಿನ ಅಕ್ಷರಗಳನ್ನು ಭೂತಗನ್ನಡಿಯಲ್ಲಿ ಓದಿ.

ಮುಂದಿನದು ರ್ಯಾಮ್‌ಊಪ್ಸ್: ಚಿಪ್ ಕಚ್ಚುವ ಮುನ್ನ ಕರ್ನಲ್ ಏನು ಹೇಳುತ್ತಿತ್ತು ಎಂದು ಮೆಮೊರಿಯಲ್ಲಿ ಉಳಿಸಬೇಕು. ಪ್ಯಾನಿಕ್ (ಕರ್ನಲ್ ತಾನೇ ಘೋಷಿಸುವ ಕುಸಿತ) ಆಗದೆ ನೇರ ರೀಸೆಟ್ ಬೀಳುವುದರಿಂದ ಅದರ ಕನ್ಸೋಲ್ ಭಾಗ ಆನ್ ಇರಲೇಬೇಕು. ರೀಸೆಟ್ ನಂತರ ಬೂಟ್‌ಲೋಡರ್ ಆ ಜಾಗವನ್ನು ಒರೆಸಿಹಾಕುತ್ತದೆಯೇ ಅನ್ನುವುದನ್ನು ಮೊದಲು ನೋಡಬೇಕು.