ನಿಮ್ಮೂರಲ್ಲಿ ಗಾಳಿ ಬೀಸೋದಿಲ್ವಾ?

ಪಕ್ಕದ ಮನೆಯ ಹುಡುಗಿ, ಇನ್ನೂ ಪ್ರೈಮರಿ ಶಾಲೆ, ಮೊನ್ನೆ ನನ್ನ ಫೋನಿನಲ್ಲಿ ಶರಾವತಿ ಹಿನ್ನೀರಿನ ಫೋಟೋ ನೋಡಿದಳು. ಹೊಳೆಬಾಗಿಲಿನಿಂದ ತೆಗೆದದ್ದು. ಕಣ್ಣು ಹರಿದಷ್ಟೂ ನೀರು, ನಡುನಡುವೆ ಗುಡ್ಡದ ನೆತ್ತಿ. "ಒಂದೂ ಹಾಯಿ ಕಾಣ್ತಿಲ್ಲವಲ್ಲ, ನಿಮ್ಮೂರಲ್ಲಿ ಗಾಳಿ ಬೀಸೋದಿಲ್ವಾ?" ಅಂದಳು. ಆಷಾಢದಲ್ಲಿ ಹೆಂಚು ಹಾರಿಸಿ ಅಡಿಕೆ ಮರ ಮಲಗಿಸುವ ಗಾಳಿಯ ಊರಿನವರಿಗೆ ಈ ಪ್ರಶ್ನೆ!

ಅವಳು ಹಾಯಿದೋಣಿ ನಡೆಸುತ್ತ ಶನಿವಾರಗಳನ್ನೆಲ್ಲ ಕಳೆಯುವುದು ಇಲ್ಲಿ ಇಂಗ್ಲೆಂಡಿನ ಲೆಸ್ಟರ್‌ನ ಪೂರ್ವಕ್ಕಿರುವ ರಟ್ಲಂಡ್ ವಾಟರ್‌ನಲ್ಲಿ. ಅದೂ ಶರಾವತಿಗೆ ಕಟ್ಟಿದ ನಮ್ಮ ಲಿಂಗನಮಕ್ಕಿಯಂತೆ ಕಟ್ಟಿ ನಿಲ್ಲಿಸಿದ ನೀರೇ. 1970ರ ದಶಕದಲ್ಲಿ ಕುಡಿಯುವ ನೀರಿಗಾಗಿ ಕಣಿವೆ ತುಂಬಿಸಿದಾಗ ನೆದರ್ ಹ್ಯಾಂಬಲ್ಟನ್ ಎಂಬ ಹಳ್ಳಿ ಮುಳುಗಿತು. ವಿಸ್ತಾರದಲ್ಲಿ ಇಂಗ್ಲೆಂಡಿನ ಅತಿ ದೊಡ್ಡ ಜಲಾಶಯ ಅಂತ ಹೆಸರು, ಇರುವುದು ಸುಮಾರು 12 ಚದರ ಕಿಲೋಮೀಟರ್. ಲಿಂಗನಮಕ್ಕಿ ತುಂಬಿದರೆ 300ರ ಆಸುಪಾಸು.

ಸಾಗರ, ಹೊಸನಗರದ ಕಡೆಯಿಂದ ಓದಲು ಬರುವ ಹುಡುಗರು ಇಲ್ಲಿ ಹಾಯಿದೋಣಿ ಕಲಿಯಲು ಎಲ್ಲಿ ಸೇರೋಣ ಅಂತ ಕೇಳುತ್ತಾರೆ. ಶಾಲೆ, ಕ್ಲಬ್ಬು ಎರಡೂ ಉಂಟು. ಶಾಲೆಯಲ್ಲಿ ದುಡ್ಡು ಕೊಟ್ಟು ಕಲಿತು ಮನೆಗೆ ಬರುವುದು. ಕ್ಲಬ್ಬಿನಲ್ಲಿ ವರ್ಷದ ಸದಸ್ಯತ್ವ, ಖರ್ಚು ಕಡಿಮೆ, ಆದರೆ ಸರದಿಯ ಕೆಲಸ ಇರುತ್ತದೆ. ಯಾವುದೇ ಆಗಲಿ, ಆರ್‌ವೈಎ, ಅಂದರೆ ರಾಯಲ್ ಯಾಟಿಂಗ್ ಅಸೋಸಿಯೇಷನ್ ಮಾನ್ಯ ಮಾಡಿದ ತರಬೇತಿ ಕೇಂದ್ರವೇ ಅಂತ ಮೊದಲು ನೋಡಿ. ಎಷ್ಟೋ ಕ್ಲಬ್ಬುಗಳಿಗೂ ಈ ಮಾನ್ಯತೆ ಇದೆ. ಮೊದಲ ಹಂತ ಎರಡು ದಿನ, ಎರಡನೆಯದು ಇನ್ನೆರಡು ದಿನ. ಸರ್ಟಿಫಿಕೇಟಿಗಿಂತ ಮುಖ್ಯ ಐದನೇ ದಿನದ ಪ್ರಶ್ನೆ: ಕಲಿತ ಮೇಲೆ ದೋಣಿ ಯಾರು ಕೊಡುತ್ತಾರೆ? ನಾಲ್ಕು ದಿನ ಕಲಿತು ಆರು ತಿಂಗಳು ನೀರಿಗೆ ಇಳಿಯದಿದ್ದರೆ ಕೈಗೆ ಬಂದದ್ದು ಉಳಿಯುವುದಿಲ್ಲ. ಹೊಸಬರಿಗೆ ದೋಣಿ ಬಾಡಿಗೆಗೆ ಕೊಡುವ ಜಾಗ ಸ್ವಲ್ಪ ದೂರವಾದರೂ ಅದೇ ವಾಸಿ.

ದುಡ್ಡು ಕಟ್ಟುವ ಮುಂಚೆ ಒಂದು ಶನಿವಾರ ಬೆಳಿಗ್ಗೆ ಸುಮ್ಮನೆ ದಡದಲ್ಲಿ ನಿಂತು ನೋಡಿ. ಮೊದಲ ಹಾಯಿ ನೀರಿಗಿಳಿಯುವ ಮುಂಚೆಯೇ ರಕ್ಷಣಾ ದೋಣಿ ಇಳಿದಿರಬೇಕು. ಅದರ ಇಂಜಿನ್ನಿಂದ ಸುರುಳಿ ಸುತ್ತಿದ ಕೆಂಪು ಹಗ್ಗವೊಂದು ಬರುತ್ತದೆ, ಕಿಲ್ ಕಾರ್ಡ್. ಅದರ ತುದಿ ನಡೆಸುವವನ ತೊಡೆಗೋ ಮೊಣಕಾಲಿಗೋ ಸಿಕ್ಕಿಸಿರಬೇಕು. ಆತ ಆಯತಪ್ಪಿ ನೀರಿಗೆ ಬಿದ್ದರೆ ಹಗ್ಗ ಕಿತ್ತು ಇಂಜಿನ್ ನಿಲ್ಲುತ್ತದೆ. ಇಲ್ಲದಿದ್ದರೆ ಖಾಲಿ ದೋಣಿ ಪ್ರೊಪೆಲ್ಲರ್ ತಿರುಗಿಸುತ್ತ ಬಿದ್ದವನ ಸುತ್ತಲೇ ಗಿರಕಿ ಹೊಡೆಯುತ್ತದೆ. ಆ ಹಗ್ಗ ಕಾಲಿಗೆ ಕಟ್ಟದೆ ಸುಮ್ಮನೆ ಜೋತಾಡುತ್ತಿದ್ದರೆ ಅಲ್ಲಿಂದ ವಾಪಸು ಬನ್ನಿ, ಬೇರೇನೂ ಕೇಳಬೇಕಾಗಿಲ್ಲ.

ಒಬ್ಬರೇ ನಡೆಸುವ ದೋಣಿಯಾದರೆ ಒಬ್ಬ ಶಿಕ್ಷಕರಿಗೆ ಆರು ಜನಕ್ಕಿಂತ ಹೆಚ್ಚಿರಬಾರದು. ದೊಡ್ಡವರು ಮೊದಲು ವೇಫೇರರ್‌ನಂಥ ಅಗಲದ ದೋಣಿ ಹತ್ತುವುದು ಒಳ್ಳೆಯದು. ಹದಿನಾರು ಅಡಿ ಉದ್ದ, ಶಿಕ್ಷಕರೂ ಜೊತೆಗೇ ಕೂರುತ್ತಾರೆ. ಒಬ್ಬರೇ ನಡೆಸುವ ಲೇಸರ್ ದೋಣಿಯ ಮೇಲೆ ಆಸೆಪಡಬೇಡಿ. ಅದರ ಬೂಮ್, ಅಂದರೆ ಹಾಯಿಯ ಅಡಿಯಂಚಿನ ದಂಡ, ತೀರ ತಗ್ಗು, ಹಿಂದಿನಿಂದ ಗಾಳಿ ಬರುವಾಗ ತಿರುಗಿಸಲು ಹೋದರೆ ತಲೆಗೇ ಪೆಟ್ಟು. ಮಕ್ಕಳಿಗೆ ಎಂಟು ಅಡಿಗೂ ಕಡಿಮೆ ಉದ್ದದ ಆಪ್ಟಿಮಿಸ್ಟ್ ದೋಣಿ.

ಗಾಳಿ ಜಾಸ್ತಿಯಾದರೆ ಏನು ಮಾಡುತ್ತೀರಿ ಅಂತ ಕೇಳಿ. ಗಂಟೆಗೆ 10ರಿಂದ 20 ಕಿಲೋಮೀಟರ್ ಗಾಳಿ ಹೊಸಬರಿಗೆ ಸಾಕು. ಅದರ ದುಪ್ಪಟ್ಟು ಬೀಸಿದರೂ ಹೊಸಬರನ್ನು ಇಳಿಸುವ ಶಾಲೆ ಬೇಡ. ತರಗತಿ ರದ್ದಾದರೆ ಬೇರೆ ದಿನ ಕೊಡುತ್ತಾರೋ ಅನ್ನುವುದನ್ನೂ ಮೊದಲೇ ಖಚಿತ ಮಾಡಿಕೊಳ್ಳಿ.

ದೋಣಿ ಮಗುಚುವುದು ಪಾಠದ ಭಾಗವೇ. ಹಾಯಿಯ ಹಗ್ಗ ಸಡಿಲ ಬಿಟ್ಟು, ಈಜಿ ತಳದ ಕಡೆ ಬಂದು, ಅಲ್ಲಿ ಹೊರಗೆ ಚಾಚಿರುವ ಹಲಗೆ, ಅಂದರೆ ಡ್ಯಾಗರ್‌ಬೋರ್ಡಿನ ಮೇಲೆ ಮೈಭಾರ ಹಾಕಿದರೆ ದೋಣಿ ಏಳುತ್ತದೆ. ಹೊಳೆಯಲ್ಲಿ ಈಜಿ ಬೆಳೆದವರಿಗೆ ಇದು ಸಲೀಸು ಅನಿಸಬಹುದು, ಇಲ್ಲಿಯ ತಣ್ಣೀರು ಬೇರೆ. ಏಪ್ರಿಲ್‌ನ ನೀರಿಗೆ ಬಿದ್ದರೆ ಮೊದಲ ಒಂದೆರಡು ನಿಮಿಷ ಉಸಿರೇ ಹತೋಟಿಗೆ ಸಿಗುವುದಿಲ್ಲ. ಆಗ ಈಜುವ ಬದಲು ಲೈಫ್ ಜಾಕೆಟ್ ನೆಚ್ಚಿ ತೇಲಬೇಕು. ಜಾಕೆಟ್ಟಿನ ಭುಜ ಹಿಡಿದು ಮೇಲಕ್ಕೆ ಎಳೆದು ನೋಡಿ, ಕಿವಿ ಮುಟ್ಟಿದರೆ ಅಳತೆ ದೊಡ್ಡದು. ಜೂನ್‌ನಿಂದ ಸೆಪ್ಟೆಂಬರ್ ಕಲಿಯಲು ಹದವಾದ ಕಾಲ. ಗಾಯವಿದ್ದರೆ ನೀರು ತಾಗದ ಪಟ್ಟಿ ಹಾಕಿ. ಇಲಿ ಜ್ವರ ನಮ್ಮ ಗದ್ದೆಗಳದ್ದು ಮಾತ್ರ ಅಲ್ಲ, ಇಲ್ಲಿಯ ಕೆರೆಗಳಲ್ಲೂ ಅದೇ ಎಚ್ಚರಿಕೆ.

ಕ್ಲಬ್ಬಿನ ಸರದಿ ಅಂದೆನಲ್ಲ. ರಕ್ಷಣಾ ದೋಣಿ ನಡೆಸುವುದು, ರೇಸಿನ ಸಮಯ ಬರೆಯುವುದು, ಚಹಾ ಮಾಡಿ ಲೋಟ ತೊಳೆಯುವುದು, ಎಲ್ಲವೂ ಸದಸ್ಯರದೇ. ಡಾಕ್ಟರಾದರೂ ಪ್ಲಂಬರಾದರೂ ಪಟ್ಟಿಯಲ್ಲಿ ಹೆಸರು ಬಂದ ದಿನ ಹಾಜರಿರಬೇಕು. ನಮ್ಮಲ್ಲಿ ನೀರಿನ ಆಟ ಅಂದರೆ ಟೆಂಡರು, ಗುತ್ತಿಗೆದಾರ, ಐದು ನಿಮಿಷದ ಸ್ಪೀಡ್‌ಬೋಟು, ಬಕಲ್ ಕಿತ್ತ ಜಾಕೆಟ್ಟು. ಹಾಲಿನ ಸಂಘ, ಅಡಿಕೆ ಸೊಸೈಟಿ ನಡೆಸಲು ಬರುವವರಿಗೆ ಇದೊಂದು ಬಾರದೆ? ಹೊನ್ನೆಮರಡುವಿನಲ್ಲಿ ತೆಪ್ಪ, ಕಯಾಕ್ ಕಲಿಸುತ್ತ ಬಂದಿದ್ದಾರೆ. ಹಿನ್ನೀರಿನ ಉಳಿದ ದಡಗಳಲ್ಲಿ ಅಂಥದ್ದು ಅಪರೂಪ.

ಆದರೆ ಹಿನ್ನೀರಿನಾಚೆಯ ತುಮರಿ, ಕರೂರು ಕಡೆಯವರಿಗೆ ಆ ನೀರು ಆಟದ್ದಲ್ಲ. 1964ರಲ್ಲಿ ಗದ್ದೆ ತೋಟ ನುಂಗಿದ ನೀರು. ಕಡೇ ಲಾಂಚು ತಪ್ಪಿದರೆ ಬಾಣಂತಿಯಾದರೂ ಈಚೆ ದಡದಲ್ಲೇ ಉಳಿಯಬೇಕಿತ್ತು. ಸಿಗಂದೂರಿನ ಸೇತುವೆ ಬಂದದ್ದು 2025ರ ಜುಲೈಯಲ್ಲಿ. ಅಂಥ ನೀರಿನ ಮೇಲೆ ಹಾಯಿ ಕಟ್ಟಿ ತಿರುಗುವ ಮನಸ್ಸು ಹಳಬರಿಗೆ ಎಲ್ಲಿಂದ ಬರಬೇಕು? ಹತ್ತು ವರ್ಷದವಳಿಗೆ ಇದನ್ನು ಹೇಳುವುದು ಹೇಗೆ?

ಆ ಮನಸ್ಸು ಹಳಬರ ಮೊಮ್ಮಕ್ಕಳಿಗೆ ಬರಬಹುದು. ಬಂದರೆ ಹಾಯಿಗಿಂತ ಮೊದಲು ಬೇಕಾದದ್ದು ಬೊಡ್ಡೆಗಳ ನಕ್ಷೆ. ಕಡಿಯದೆ ಮುಳುಗಿಸಿದ ಮರಗಳು ಇನ್ನೂ ನಿಂತಿವೆ. ಡ್ಯಾಗರ್‌ಬೋರ್ಡು ಎರಡು ಮೂರು ಅಡಿ ಕೆಳಗಿರುತ್ತದೆ, ಓಡುವ ದೋಣಿ ಬೊಡ್ಡೆಗೆ ತಗುಲಿದರೆ ಬೋರ್ಡು ಕೂರುವ ಗೂಡೇ ಸೀಳುತ್ತದೆ. ಬೇಸಿಗೆಯಲ್ಲಿ ನೀರು ಇಳಿದಂತೆ 1948ರ ಹಿರೇಭಾಸ್ಕರ ಅಣೆಕಟ್ಟೇ ಮೇಲೆ ಬರುತ್ತದೆ ಅಂದಮೇಲೆ ಒಂದೇ ನಕ್ಷೆ ಸಾಲದು, ನೀರಿನ ಮಟ್ಟಕ್ಕೊಂದು ಬೇಕು. ಹಾಗಾಗಿ ಮಳೆ ನಿಂತು ಜಲಾಶಯ ತುಂಬಿರುವ ಅಕ್ಟೋಬರ್‌ನಿಂದ ಜನವರಿ ಸರಿಯಾದ ಕಾಲ. ಅಲ್ಲಿಯವರೆಗೆ ಹೈದರಾಬಾದಿನ ಹುಸೇನ್ ಸಾಗರಕ್ಕೆ ಹೋಗಿ ನೋಡಿ ಬರಬಹುದು. 2009ರಲ್ಲಿ ಶುರುವಾದ ಕ್ಲಬ್ಬೊಂದು ಅಲ್ಲಿ ಬಡ ಮನೆಗಳ ಮಕ್ಕಳಿಗೆ ಆಪ್ಟಿಮಿಸ್ಟ್ ನಡೆಸಲು ಕಲಿಸುತ್ತಿದೆ.