ಬಿಪಿಗೆ ಯಾವ ರಾಗ ಕೇಳಬೇಕು?

ಸಂಗೀತ ಚಿಕಿತ್ಸೆ ನನ್ನ ಕೆಲಸ ಅಂತ ಗೊತ್ತಾದರೆ ಸಾಕು, ಮದುವೆ ಮನೆಯಲ್ಲೋ ರೈಲಿನಲ್ಲೋ ಯಾರಾದರೂ ಕೇಳಿಯೇ ಕೇಳುತ್ತಾರೆ: "ಬಿಪಿಗೆ ಯಾವ ರಾಗ ಒಳ್ಳೇದು? ನಿದ್ದೆಗೆ ನೀಲಾಂಬರಿ ಅಲ್ವಾ?" ರೋಗಕ್ಕೊಂದು ರಾಗದ ಪಟ್ಟಿ ವಾಟ್ಸಾಪ್‌ನಲ್ಲಿ ಓಡಾಡುತ್ತಲೇ ಇರುತ್ತದೆ.

ಆ ಪಟ್ಟಿ ನಾನು ಕೊಡುವುದಿಲ್ಲ. ಚಿಕ್ಕಂದಿನಲ್ಲಿ ಅಮ್ಮ ನೀಲಾಂಬರಿಯಲ್ಲಿ ಲಾಲಿ ಹಾಡಿದ್ದರೆ ನಿಮಗೆ ನಿದ್ದೆ ಬರಬಹುದು. ಆ ರಾಗವನ್ನು ಯಾವತ್ತೂ ಕೇಳದವರಿಗೂ ಹಾಗೇ ಆಗಬೇಕು ಅಂತೇನಿಲ್ಲ. 2006ರಲ್ಲಿ ಇಟಲಿಯ ಸಂಶೋಧಕರು 24 ಜನರಿಗೆ ಆರು ಬಗೆಯ ಸಂಗೀತ ಕೇಳಿಸಿ ಉಸಿರು, ಎದೆಬಡಿತ, ಬಿಪಿ ಅಳೆದರು, ಅದರಲ್ಲಿ ನಮ್ಮ ರಾಗಸಂಗೀತವೂ ಇತ್ತು. ಸಂಗೀತ ಯಾವುದು ಅನ್ನುವುದಕ್ಕಿಂತ ಲಯದ ವೇಗವೇ ಜಾಸ್ತಿ ಕೆಲಸ ಮಾಡಿತ್ತು. ಲಯ ಚುರುಕಾದರೆ ಎಲ್ಲವೂ ಏರುತ್ತಿತ್ತು. ನಡುವೆ ಎರಡು ನಿಮಿಷ ಸುಮ್ನೆ ನಿಲ್ಲಿಸಿದಾಗ ಚೆನ್ನಾಗಿ ಇಳಿಯಿತು! ಹಾಗಂತ ಬಿಪಿ ಮಾತ್ರೆ ಬಿಡಬೇಡಿ, ದಯವಿಟ್ಟು.

ಇನ್ನು ಸಂಗೀತ ಚಿಕಿತ್ಸೆ ಅಂದರೆ ಬರೀ ಕೇಳಿಸುವುದಲ್ಲ. ಒಬ್ಬರು ಅಜ್ಜಿಗೆ ಲಕ್ವ ಹೊಡೆದು ಬಲಗೈ ಸ್ವಾಧೀನ ತಪ್ಪಿತ್ತು, ಮಾತೂ ನಿಂತಿತ್ತು. ಹೇಳಿದ್ದೆಲ್ಲ ಅರ್ಥವಾಗುತ್ತದೆ, ಆದರೆ "ನೀರು" ಅನ್ನುವ ಒಂದು ಪದ ಬಾಯಿಗೆ ಬರದೆ ಕಣ್ಣು ತುಂಬಿಕೊಳ್ಳುತ್ತಿದ್ದರು. ಒಂದು ದಿನ ಸೊಸೆ ದೀಪ ಹಚ್ಚುತ್ತಾ ಒಂದು ದೇವರನಾಮ ಶುರು ಮಾಡಿದರೆ, ಅಜ್ಜಿ ಎರಡನೇ ಸಾಲನ್ನು ಪದ ಬಿಡದೆ ಹಾಡಿಬಿಟ್ಟರು! ಸೊಸೆ ಓಡಿಬಂದು ನನಗೆ ಹೇಳಿದರು. ಹೆಚ್ಚಿನವರಲ್ಲಿ ಮಾತು ಕಟ್ಟುವ ಕೆಲಸ ಮಿದುಳಿನ ಎಡಭಾಗದ್ದು, ಪೆಟ್ಟು ಬಿದ್ದದ್ದು ಅಲ್ಲೇ. ಹಾಡಿನ ಕೆಲಸವನ್ನು ಬಲಭಾಗವೂ ಹಂಚಿಕೊಂಡಿರುತ್ತದೆ. 1973ರಲ್ಲಿ ಅಮೆರಿಕದ ಬಾಸ್ಟನ್‌ನಲ್ಲಿ ಇದನ್ನೇ ಹಿಡಿದು ಮೆಲೋಡಿಕ್ ಇಂಟೋನೇಶನ್ ಥೆರಪಿ ಅನ್ನುವ ವಿಧಾನ ಮಾಡಿದರು.

ನಾವೂ ಅದನ್ನೇ ಹಿಡಿದೆವು. ಎರಡೇ ಸ್ವರ. "ನೀ" ಮೇಲೆ, "ರು" ಕೆಳಗೆ, "ಬೇ" ಮೇಲೆ, "ಕು" ಕೆಳಗೆ. ಒಂದೊಂದು ಅಕ್ಷರಕ್ಕೂ ಅಜ್ಜಿಯ ಎಡಗೈ ಹಿಡಿದು ಮೇಜಿನ ಮೇಲೆ ತಟ್ಟುತ್ತಿದ್ದೆ. ಮೊದಲು ಇಬ್ಬರೂ ಸೇರಿ, ಆಮೇಲೆ ನಾನು ಮೆಲ್ಲಗೆ, ಆಮೇಲೆ ಅಜ್ಜಿ ಒಬ್ಬರೇ. ವಾರಗಟ್ಟಲೆ ಇದೇ. ಹಾಡು ಬಾಯಿಪಾಠವಿದ್ದ ಮಾತ್ರಕ್ಕೆ ಮಾತು ತಾನಾಗಿ ಬರುವುದಿಲ್ಲ, ದಿನಾ ಕೂತು ತಟ್ಟಲೇಬೇಕು, ಮನೆಯವರು ಸೋಲುವುದು ಇಲ್ಲೇ. ಈ ಸೊಸೆ ಸೋಲಲಿಲ್ಲ. ಅಡುಗೆ ಮಾಡುತ್ತಲೂ "ಅತ್ತೇ, ಏನು ಬೇಕು?" ಅಂತ ಅದೇ ಎರಡು ಸ್ವರದಲ್ಲಿ ಕೇಳುತ್ತಿದ್ದರು.

ಒಂದು ಬೆಳಗ್ಗೆ ಒಳಗಿನಿಂದ ಉತ್ತರ ಬಂತಂತೆ, "ಕಾಫಿ ಬೇಕು". ಅದನ್ನು ನಾವ್ಯಾರೂ ಹೇಳಿಕೊಟ್ಟಿರಲಿಲ್ಲ.

ಅಂದಹಾಗೆ, ಆ ದೇವರನಾಮ ಯಾವ ರಾಗದ್ದು ಅಂತ ಅಜ್ಜಿಗೂ ಗೊತ್ತಿರಲಿಲ್ಲ, ಸೊಸೆಗೂ ಗೊತ್ತಿರಲಿಲ್ಲ.